ಸಂವೇಗಪಾಠದಲ್ಲಿ ದೃಷ್ಟಾಂತದ ಸ್ಥಾನ

ವಿಮರ್ಶೆಗೆ ವಿಷಯವಾಗತಕ್ಕದ್ದು ಗ್ರಂಥವೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಅರ್ಥವನ್ನು ತಿಳಿಸುವುದಕ್ಕಾಗಿ ಒಬ್ಬನು ರಚಿಸಿ ಮತ್ತೊಬ್ಬನ ಮುಂದಿಟ್ಟುದೆಲ್ಲವೂ ಗುಣದೋಷವಿಚಾರಕ್ಕೆ ಅರ್ಹವೇ ಆಗಿದೆ. ನಮ್ಮ ಪ್ರೌಢಶಾಲೆಗಳಿಗೂ ಪದವಿಪೂರ್ವ ಕಾಲೇಜುಗಳಿಗೂ ಭೌತವಿಜ್ಞಾನದ ಪಾಠಕ್ಕಾಗಿ ಗಣಕಯಂತ್ರದ ತೆರೆಯ ಮೇಲೆ ಆಡಿಸಿ ನೋಡುವ ‘ಸಿಮ್ಯುಲೇಷನ್’ಗಳು ಬಂದಿರುವುವಷ್ಟೆ. ಇವನ್ನು ಈ ಲೇಖನದಲ್ಲಿ ಅನುಕೃತಿಗಳೆಂದು ಕರೆಯುತ್ತೇವೆ. ಅವುಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದಿರುವುವು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ೨೦೦೨ರಲ್ಲಿ ಕಾರ್ಲ್ ವೀಮನ್ ಎಂಬ ವಿದ್ವಾಂಸನು ಆರಂಭಿಸಿದ ‘ಫೆಟ್’ ಎಂಬ ಸಂಗ್ರಹದವು. ಈತನು ಅದರ ಹಿಂದಿನ ವರ್ಷ ಭೌತವಿಜ್ಞಾನದ ನೊಬೆಲ್ ಬಹುಮಾನವನ್ನು ಪಡೆದವರಲ್ಲಿ ಒಬ್ಬನು. ಸಂಗ್ರಹವು ಉಚಿತವಾದುದು, ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ, ಅದರ ಮಾತುಗಳನ್ನು ತಮ್ಮ ತಮ್ಮ ಭಾಷೆಗಳಿಗೆ ತಿರುಗಿಸಿಕೊಳ್ಳಲು ಸ್ವಯಂಸೇವಕರಿಗೆ ಅವಕಾಶವುಂಟು. ಅದರಲ್ಲಿ ‘ಕೊಲಿಷನ್ ಲ್ಯಾಬ್’ ಎಂದು ಹೆಸರಿರುವ, ಡಿಕ್ಕಿಗಳನ್ನು ತೋರಿಸುವ ಅನುಕೃತಿಯೇ ಪ್ರಕೃತ ವಿಮರ್ಶೆಗೆ ವಸ್ತು.

ಇದು ವಿಜ್ಞಾನದ ಅಧ್ಯಾಪಕರ ಕೆಲಸವಲ್ಲವೇ, ಸಾಹಿತ್ಯದವರಿಗೆ ಇದರಲ್ಲೇನು ಎಂದು ಕೆಲವರು ಕೇಳಬಹುದು. ತುಮಕೂರು ಸೀಮೆಯವರಂತೂ ಹೀಗೆ ಕೇಳುವ ಹಾಗಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ೧೯೧೮ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು, ೧೯೩೧ರಲ್ಲಿ ಪರಿಷತ್ತಿಗಾಗಿ ಪಂಪಭಾರತವನ್ನು ಸಂಪಾದಿಸಿಕೊಟ್ಟವರೂ ಅವರೇ. ಇದಲ್ಲದೆ ಇನ್ನೊಂದು ಕಾರಣವೂ ಉಂಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಹಳ್ಳಿಯ ಹುಡುಗನು ಒಂಬತ್ತನೆಯ ತರಗತಿಯಲ್ಲಿ ‘ಸಂವೇಗ’ವೆಂದು ಕಲಿತುದನ್ನು ಪದವಿಪೂರ್ವ ವಿಜ್ಞಾನದ ತರಗತಿಯಲ್ಲಿ ‘ಮೊಮೆಂಟಮ್’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾನೆ. ಪದವು ಬದಲಾದಾಗ ಜತೆಯಲ್ಲಿ ಬರತಕ್ಕದ್ದು ಅರ್ಥವೊಂದೇ. ಅರ್ಥವು ಮೊದಲೇ ನೆಲೆಗೊಂಡಿರದಿದ್ದರೆ ಸೂತ್ರವನ್ನು ಬಾಯಿಪಾಠ ಮಾಡುವುದಲ್ಲದೆ ಬೇರೆ ದಾರಿಯಿಲ್ಲ. ಸೂತ್ರವನ್ನು ವೃತ್ತಿಯಿಲ್ಲದೆ ಉರುಹೊಡೆದವರ ಪಾಡು ಏನಾಗುವುದೆಂಬುದನ್ನು ಪಾಠಶಾಲೆಯಲ್ಲಿ ಬೆಳೆದ ನಾವು ಬಲ್ಲೆವು.

ಅನುಕೃತಿಯ ರಚನೆಯನ್ನು ಮೊದಲು ಹೇಳುತ್ತೇವೆ. ತೆರೆಯ ಮೇಲೆ ಚೆಂಡುಗಳಿರುತ್ತವೆ; ಎರಡರಿಂದ ನಾಲ್ಕರವರೆಗೆ ಏರಿಸಿಕೊಳ್ಳಬಹುದು. ಒಂದೊಂದರ ದ್ರವ್ಯರಾಶಿಯನ್ನೂ ವೇಗವನ್ನೂ ಸ್ಥಾನವನ್ನೂ ನೋಡುವವನೇ ಗೊತ್ತುಮಾಡಿ ಗುಂಡಿಯನ್ನೊತ್ತಿದರೆ ಅವು ಚಲಿಸಿ ಒಂದನ್ನೊಂದು ತಾಕುತ್ತವೆ. ಸಂವೇಗಗಳನ್ನು ಬಾಣಗಳಾಗಿಯೂ ಚಲನಶಕ್ತಿಯನ್ನು ಅಂಕಿಯಾಗಿಯೂ ತೋರಿಸುವ ಏರ್ಪಾಡಿದೆ. ಸ್ಥಿತಿಸ್ಥಾಪಕತ್ವವನ್ನು ಸೊನ್ನೆಯಿಂದ ನೂರರವರೆಗೆ ಜರುಗಿಸುವ ಒಂದು ಹಿಡಿಯುಂಟು. ಒಂದೇ ರೇಖೆಯಲ್ಲಿ ನಡೆಯುವ ಡಿಕ್ಕಿಗೆ ಒಂದು ಅಂಕಣ, ಸಮತಲದಲ್ಲಿ ಎತ್ತೆಂದರತ್ತ ನಡೆಯುವುದಕ್ಕೆ ಇನ್ನೊಂದು, ಅಂಟಿಕೊಳ್ಳುವ ಮತ್ತು ಜಾರಿಕೊಳ್ಳುವ ಡಿಕ್ಕಿಗಳಿಗೆ ಮತ್ತೊಂದು. ಚೆಂಡುಗಳು ಹೊರಗೆ ಹೋಗದಂತೆ ಸುತ್ತಲೂ ತಡೆಯನ್ನು ನಿಲ್ಲಿಸಬಹುದು, ತೆಗೆಯಲೂಬಹುದು. ಈ ತಡೆಯ ವಿಚಾರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಿಯಮವು ಏನು ಹೇಳುತ್ತದೆಂಬುದಕ್ಕೆ ಒಂದು ಲೆಕ್ಕ ಸಾಕು. ಒಂದು ಕಿಲೋಗ್ರಾಮಿನ ಚೆಂಡು ಸೆಕೆಂಡಿಗೆ ೨ ಮೀಟರಿನಂತೆ ಬಂದು, ನಿಂತಿರುವ ಅಷ್ಟೇ ತೂಕದ ಮತ್ತೊಂದನ್ನು ನೇರವಾಗಿ ತಾಕಲಿ. ಸ್ಥಿತಿಸ್ಥಾಪಕತ್ವವು ಪೂರ್ಣವಾಗಿದ್ದರೆ ಮೊದಲನೆಯದು ನಿಲ್ಲುತ್ತದೆ, ಎರಡನೆಯದು ೨ರ ವೇಗದಿಂದ ಹೊರಡುತ್ತದೆ. ಹಿಡಿಯನ್ನು ನಡುವೆ, ಐವತ್ತರಲ್ಲಿ ನಿಲ್ಲಿಸಿದರೆ ವೇಗಗಳು ಅರ್ಧ ಮತ್ತು ಒಂದೂವರೆ ಆಗುತ್ತವೆ. ಸೊನ್ನೆಗೆ ಇಳಿಸಿದರೆ ಎರಡೂ ಕೂಡಿಕೊಂಡು ಒಂದರ ವೇಗದಿಂದ ಸಾಗುತ್ತವೆ. ಮೂರು ಸಂದರ್ಭಗಳಲ್ಲಿಯೂ ಸಂವೇಗದ ಮೊತ್ತ ೨ ಆಗಿಯೇ ಇರುತ್ತದೆ. ಆದರೆ ಚಲನಶಕ್ತಿಯು ಮೊದಲನೆಯದರಲ್ಲಿ ೨ ಜೌಲ್ ಆಗಿದ್ದುದು ಎರಡನೆಯದರಲ್ಲಿ ಒಂದೂಕಾಲಕ್ಕೂ ಮೂರನೆಯದರಲ್ಲಿ ಒಂದಕ್ಕೂ ಇಳಿಯುತ್ತದೆ. ಎಲ್ಲವನ್ನೂ ಇದ್ದಂತೆ ಇರಿಸಿ ಒಂದನ್ನು ಮಾತ್ರ ಬದಲಿಸಿ, ಯಾವುದು ಅದರೊಡನೆ ಬದಲಾಗುತ್ತದೆ, ಯಾವುದು ಆಗುವುದಿಲ್ಲವೆಂದು ಕಾಣುವುದಕ್ಕೆ ನಮ್ಮವರು ಅನ್ವಯವ್ಯತಿರೇಕವೆಂದು ಹೆಸರಿಟ್ಟರು. ಕರಿಹಲಗೆಯ ಮೇಲೆ ಇದನ್ನು ಬರೆಯಬಹುದೇ ಹೊರತು ಹೀಗೆ ಕ್ಷಣಮಾತ್ರದಲ್ಲಿ ಕಣ್ಣಿಗೆ ಕಟ್ಟುವಂತೆ ಮಾಡಲಾಗದು. ಇದು ಅನುಕೃತಿಯ ನಿಸ್ಸಂದೇಹವಾದ ಗುಣ.

ಇನ್ನು ದೋಷದ ವಿಚಾರ. ಅದು ಅನುಕೃತಿಯದೆನ್ನುವುದಕ್ಕಿಂತ ಅದನ್ನು ಬಳಸುವ ಮಾತಿನದು. ತುರುವೇಕೆರೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಈ ಪಾಠವನ್ನು ಕೇಳುವ ಅವಕಾಶ ನಮಗೆ ಒದಗಿತ್ತು. ಅಧ್ಯಾಪಕರು ಉತ್ಸಾಹಿಗಳು, ಮೂರು ನಾಲ್ಕು ಡಿಕ್ಕಿಗಳನ್ನು ನಡೆಸಿ, ಮೊತ್ತಗಳನ್ನು ಹಲಗೆಯ ಮೇಲೆ ಬರೆದು, “ನೋಡಿದಿರಲ್ಲ, ನಿಯಮ ಸಿದ್ಧವಾಯಿತು” ಎಂದರು. ನಮ್ಮ ಕಿವಿಗೆ ಇದು ಮುಳ್ಳಿನಂತೆ ತಾಕಿತು. ತೆರೆಯ ಚೆಂಡುಗಳು ಆ ನಿಯಮವನ್ನು ಅನುಸರಿಸಿದುದೇಕೆ? ರಚಿಸಿದವನು ಅದೇ ನಿಯಮವನ್ನು ಸೂತ್ರರೂಪವಾಗಿ ಯಂತ್ರದಲ್ಲಿ ಇಟ್ಟಿದ್ದಾನೆ; ಆದುದರಿಂದ. ಯಾವುದನ್ನು ಸಾಧಿಸಬೇಕೋ ಅದನ್ನೇ ಹೇತುವಿನ ಹೊಟ್ಟೆಯಲ್ಲಿ ಅಡಗಿಸಿಟ್ಟು ಮತ್ತೆ ಹೊರಗೆ ತೆಗೆದು ತೋರಿಸಿದರೆ ಅದು ಸಾಧನವಾಗದು. ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಸಾಧ್ಯಸಮವೆಂದು ಹೆಸರು, ಹೇತ್ವಾಭಾಸಗಳಲ್ಲಿ ಒಂದು. ರಚಿಸಿದವನು ಬೇರೆ ಸೂತ್ರವನ್ನು ಇಟ್ಟಿದ್ದರೆ ತೆರೆಯು ಅದನ್ನೂ ಅಷ್ಟೇ ನಿಷ್ಠೆಯಿಂದ ತೋರಿಸುತ್ತಿತ್ತು. ಫ್ರಾನ್ಸಿನ ದೆಕಾರ್ತನು ೧೬೪೪ರಲ್ಲಿ ಪ್ರಕಟಿಸಿದ ಡಿಕ್ಕಿಯ ನಿಯಮಗಳಲ್ಲಿ ಒಂದರಂತೆ, ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದು ಎಷ್ಟು ಜವದಿಂದ ಹೊಡೆದರೂ ದೊಡ್ಡದು ಕದಲುವುದಿಲ್ಲ. ಇದು ಅನುಭವಕ್ಕೆ ವಿರುದ್ಧವಾದುದು. ಆದರೂ ದೆಕಾರ್ತನ ನಿಯಮವನ್ನು ತುಂಬಿದ ಅನುಕೃತಿಯೊಂದನ್ನು ಮಾಡಿದರೆ ಅದರ ಚೆಂಡುಗಳು ಹಾಗೆಯೇ ನಡೆದುಕೊಂಡಾವು. ನೋಡುವ ಹುಡುಗನಿಗೆ ಅನುಮಾನ ಬರುವ ಹಾಗಿರುವುದಿಲ್ಲ.

ಹಾಗಾದರೆ ತೆರೆಯ ಡಿಕ್ಕಿಯನ್ನು ನೋಡಿದಾಗ ಆಗುವ ಜ್ಞಾನವು ಎಂತಹುದು? ಸಾಹಿತ್ಯದ ಅಧ್ಯಾಪಕರಿಗೆ ಇದು ಹೊಸ ಪ್ರಶ್ನೆಯಲ್ಲ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಪ್ರತೀತಿಯನ್ನು ವಿವರಿಸುವಾಗ ಶಂಕುಕನು ಚಿತ್ರದ ಕುದುರೆಯನ್ನು ದೃಷ್ಟಾಂತವಾಗಿ ಕೊಟ್ಟನೆಂದು ಅಭಿನವಗುಪ್ತನ ಮೂಲಕ ನಮಗೆ ತಿಳಿಯುತ್ತದೆ. ಚಿತ್ರದಲ್ಲಿರುವುದನ್ನು ಕುದುರೆಯೆನ್ನುವ ಜ್ಞಾನವು ಯಥಾರ್ಥವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ, ಇವೆಲ್ಲಕ್ಕಿಂತ ವಿಲಕ್ಷಣವಾದುದು. ರಸಕ್ಕೆ ಈ ವಾದವು ಸಾಲದೆಂದು ಅಭಿನವನೂ ಅವನ ಗುರು ಭಟ್ಟತೌತನೂ ಖಂಡಿಸಿದರು. ಆ ಖಂಡನೆಯು ನಮಗೆ ಸಮ್ಮತ. ಆದರೆ ರಸಕ್ಕೆ ಒಗ್ಗದ ಶಂಕುಕನ ಮಾತು ಗಣಕದ ಚೆಂಡಿಗೆ ಚೆನ್ನಾಗಿ ಒಗ್ಗುತ್ತದೆ. ಚಿತ್ರದ ಕುದುರೆಯಿಂದ ಕುದುರೆಯ ಆಕಾರವನ್ನು ಕಲಿಯಬಹುದು. ಕುದುರೆಗೆ ನಾಲ್ಕು ಕಾಲುಗಳೆಂಬುದಕ್ಕೆ ಅದನ್ನು ಸಾಕ್ಷಿಗೆ ಕರೆಯಲಾಗದು.

ಪೂರ್ವಪಕ್ಷವು ಬಲವಾಗಿಯೇ ಇದೆ, ಅದನ್ನು ಮುಚ್ಚಿಡತಕ್ಕದ್ದಲ್ಲ. ಫೆಟ್‌ನವರೇ ೨೦೦೫ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ವಿದ್ಯುನ್ಮಂಡಲಗಳನ್ನು ಅನುಕೃತಿಯಲ್ಲಿ ಕಲಿತ ಕಾಲೇಜು ವಿದ್ಯಾರ್ಥಿಗಳು, ನಿಜವಾದ ತಂತಿ ದೀಪಗಳಿಂದ ಕಲಿತವರಿಗಿಂತ ಅರ್ಥದ ಪ್ರಶ್ನೆಗಳಲ್ಲಿ ಮಾತ್ರವಲ್ಲದೆ, ನಿಜವಾದ ಮಂಡಲವನ್ನು ಜೋಡಿಸಿ ವಿವರಿಸುವುದರಲ್ಲಿಯೂ ಮೇಲಾದರು. ಹೀಗಿರಲಾಗಿ ನಿಜವಸ್ತುವಿನ ಹಠವೇಕೆ ಎಂದು ಕೇಳಬಹುದು. ಸಮಾಧಾನವಿದು: ತಂತಿಯೊಳಗೆ ಹರಿಯುವುದು ಕಣ್ಣಿಗೆ ಕಾಣದು; ಕಾಣದುದನ್ನು ಕಾಣಿಸುವುದರಲ್ಲಿ ಅನುಕೃತಿಯು ಗೆದ್ದಿತು. ಡಿಕ್ಕಿಯಾದರೋ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಬೆರಳು ಸಿಕ್ಕಿದರೆ ನೋಯುವುದು. ಇಲ್ಲಿ ಪ್ರತ್ಯಕ್ಷವನ್ನು ಬಿಟ್ಟು ಅನುಕೃತಿಯೊಂದನ್ನೇ ಹಿಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮೇಲಾಗಿ ವಿದ್ಯಾರ್ಥಿಗೆ ತಿಳಿಯಿತೇ ಎಂಬುದು ಒಂದು ಪ್ರಶ್ನೆ, ತಿಳಿದುದು ನಿಜವೆಂದು ಅವನು ಯಾವುದರಿಂದ ಬಲ್ಲನೆಂಬುದು ಬೇರೆ ಪ್ರಶ್ನೆ. ಆ ಪರೀಕ್ಷೆಯು ಮೊದಲನೆಯದಕ್ಕೆ ಮಾತ್ರ ಉತ್ತರ ಹೇಳಿದೆ. ನಿಜವಸ್ತುವನ್ನು ತೋರಿಸಿದರೂ ಸುಮ್ಮನೆ ತೋರಿಸಿದರೆ ಪ್ರಯೋಜನವಿಲ್ಲವೆಂಬುದೂ ಸಿದ್ಧಪಟ್ಟಿದೆ. ಹಾರ್ವರ್ಡಿನ ಎರಿಕ್ ಮಜೂರ್ ಮತ್ತು ಅವನ ಸಂಗಡಿಗರು ೨೦೦೪ರಲ್ಲಿ ಪ್ರಕಟಿಸಿದ ಲೇಖನದಂತೆ, ಪ್ರಯೋಗವನ್ನು ನೋಡಿದವರಿಗೂ ನೋಡದೆ ಇದ್ದವರಿಗೂ ತಿಳಿವಳಿಕೆಯಲ್ಲಿ ಹೇಳಿಕೊಳ್ಳುವಂತಹ ಭೇದವಿರಲಿಲ್ಲ; ಏನಾಗುವುದೆಂದು ಮುಂಚೆಯೇ ಹೇಳಿ ಆಮೇಲೆ ನೋಡಿದವರೇ ಮುಂದೆ ಹೋದರು. ಗುಂಡಿಯನ್ನೊತ್ತುವ ಮುನ್ನ ಪ್ರತಿಜ್ಞೆ ಮಾಡಿಸಬೇಕೆಂಬುದು ಇದರ ತಾತ್ಪರ್ಯ. ಪಂಚಾವಯವವಾಕ್ಯದಲ್ಲಿ ಪ್ರತಿಜ್ಞೆಯು ಮೊದಲಲ್ಲಿಯೂ ಉದಾಹರಣವು ಮೂರನೆಯ ಎಡೆಯಲ್ಲಿಯೂ ಇರುವುದನ್ನು ಬಲ್ಲವರಿಗೆ ಇದು ಆಶ್ಚರ್ಯವನ್ನುಂಟುಮಾಡದು.

ಈಗ ತಡೆಯ ವಿಚಾರಕ್ಕೆ ಬರುತ್ತೇವೆ. ಅನುಕೃತಿಯಲ್ಲಿ ಅತ್ಯುತ್ತಮವಾದ ಭಾಗವು ಇದೇ ಎಂದು ನಮ್ಮ ಅಭಿಪ್ರಾಯ. ಪಾಠದಲ್ಲಿ ಸಾಮಾನ್ಯವಾಗಿ ದಾಟಿ ಹೋಗುವ ಭಾಗವೂ ಇದೇ. ಮೇಲೆ ಹೇಳಿದ ಶಾಲೆಯಲ್ಲಿ ತಡೆಯನ್ನು ನಿಲ್ಲಿಸಿದ್ದಾಗ ಚೆಂಡೊಂದು ಅಂಚನ್ನು ತಾಕಿ ಹಿಂದಿರುಗಿತು. ಮೊತ್ತವನ್ನು ತೋರಿಸುವ ಬಾಣವು ಒಡನೆಯೇ ಬದಲಾಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸಾರ್, ಮೊತ್ತ ಬದಲಾಗೋದಿಲ್ಲ ಅಂದ್ರಲ್ಲ, ಈಗ ಯಾಕೆ ಬದಲಾಯ್ತು?” ಎಂದು ಕೇಳಿದಳು. ಅಧ್ಯಾಪಕರು “ಅದು ಬೇಡ ಬಿಡಮ್ಮ, ಅದನ್ನು ತೆಗೆದುಬಿಡೋಣ” ಎಂದು ತಡೆಯನ್ನು ತೆಗೆದು ಮುಂದಕ್ಕೆ ಹೋದರು. ಆ ಗಂಟೆಯಲ್ಲಿ ಯಾರೂ ಕೇಳದಿದ್ದಷ್ಟು ಬೆಲೆಯುಳ್ಳ ಪ್ರಶ್ನೆ ಹಾಗೆ ನೆಲಕ್ಕೆ ಬಿದ್ದಿತು.

ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಅನುಮಾನ ಮಾಡುವವನಿಗೆ ತಾರ್ಕಿಕರು ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯ ಸಂಯೋಗವೂ ಬೇಕು. ಹೀಗೆ ವ್ಯಾಪ್ತಿಯ ಒಳಗೆ ಅಡಗಿರುವ ನಿಬಂಧನೆಗೆ ಉಪಾಧಿಯೆಂದು ಹೆಸರು. ಸಂವೇಗಸಂರಕ್ಷಣೆಗೂ ಅಂತಹ ಉಪಾಧಿಯುಂಟು: ಲೆಕ್ಕಕ್ಕೆ ತೆಗೆದುಕೊಂಡ ವಸ್ತುಗಳ ಮೇಲೆ ಹೊರಗಿನ ಬಲವು ಕೆಲಸಮಾಡುತ್ತಿರಬಾರದು, ಅಥವಾ ಹೊರಗಿನ ಬಲಗಳು ಒಂದನ್ನೊಂದು ಸರಿದೂಗಿಸಿರಬೇಕು. ಒಂದು ಕಿಲೋಗ್ರಾಮಿನ ಚೆಂಡು ೨ರ ವೇಗದಿಂದ ತಡೆಯನ್ನು ತಾಕಿ ಅಷ್ಟೇ ಜವದಿಂದ ಹಿಂದಿರುಗಿದರೆ ಸಂವೇಗವು ೨ರಿಂದ ಋಣ ೨ಕ್ಕೆ, ಎಂದರೆ ೪ರಷ್ಟು ಬದಲಾಯಿತು. ಆ ನಾಲ್ಕು ಎಲ್ಲಿಗೆ ಹೋಯಿತು? ತಡೆಗೆ. ತಡೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಮೊತ್ತವು ಮೊದಲಿನಂತೆಯೇ ಉಳಿಯುತ್ತದೆ. ಮರದಿಂದ ಬಿದ್ದ ಕಾಯಿಯು ನೆಲದಲ್ಲಿ ನಿಂತುಬಿಡುವುದನ್ನು ತೋಟದ ಮಕ್ಕಳು ನಿತ್ಯವೂ ಕಾಣುತ್ತಾರೆ. ಸಂವೇಗವು ನಾಶವಾಗುವುದೆಂದು ಅವರಿಗೆ ತೋರುವುದು ಸಹಜವೇ. ಅದು ಭೂಮಿಗೆ ಹೋಯಿತು. ಭೂಮಿಯ ದ್ರವ್ಯರಾಶಿಯು ಅಪಾರವಾದುದರಿಂದ ಅದರ ವೇಗದಲ್ಲಾದ ಬದಲಾವಣೆಯನ್ನು ಯಾವ ಅಳತೆಯೂ ಹಿಡಿಯಲಾರದು. ಆ ಹುಡುಗಿಗೆ ಈ ಉತ್ತರವನ್ನು ಹೇಳಿದ್ದರೆ ನಿಯಮವೂ ಅದರ ಉಪಾಧಿಯೂ ಒಟ್ಟಿಗೆ ತಿಳಿಯುತ್ತಿದ್ದವು. ಉಪಾಧಿಯನ್ನು ಬಿಟ್ಟು ನಿಯಮವನ್ನು ಮಾತ್ರ ಕಲಿತವನು ತೋಟಕ್ಕೆ ಹೋದಕೂಡಲೆ ಅದನ್ನು ನಂಬದಾಗುತ್ತಾನೆ. ಪರೀಕ್ಷೆಯಲ್ಲಿ ಮಾತ್ರ ಬರೆಯುತ್ತಾನೆ.

ನಿಜವಾದ ಪರೀಕ್ಷೆಗೆ ನಮ್ಮ ಸೀಮೆಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಡಿಕ್ಕಿಯ ನಿಯಮಗಳನ್ನು ವಾಲಿಸ್, ರೆನ್, ಹೈಗೆನ್ಸ್ ಎಂಬ ಮೂವರು ೧೬೬೮-೬೯ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳುಹಿಸಿದರು. ನ್ಯೂಟನ್ನನು ೧೬೮೭ರ ತನ್ನ ಗ್ರಂಥದಲ್ಲಿ ಅವುಗಳನ್ನು ಹತ್ತು ಅಡಿ ಉದ್ದದ ದಾರಗಳಲ್ಲಿ ತೂಗುಹಾಕಿದ ಗುಂಡುಗಳಿಂದ ಪರೀಕ್ಷಿಸಿದುದನ್ನು ವರ್ಣಿಸಿದ್ದಾನೆ. ಗಾಳಿಯ ತಡೆಯಿಂದ ಆಗುವ ನಷ್ಟವನ್ನು ಮೊದಲು ಬೇರೆಯಾಗಿ ಅಳೆದು ಕಳೆದನೆಂಬುದು ಗಮನಿಸತಕ್ಕ ಅಂಶ. ಬಿಗಿಯಾಗಿ ಸುತ್ತಿದ ಉಣ್ಣೆಯ ಉಂಡೆಗಳು ಒಂಬತ್ತು ಭಾಗ ವೇಗದಿಂದ ಸಮೀಪಿಸಿದರೆ ಐದು ಭಾಗ ವೇಗದಿಂದ ಅಗಲಿದವು. ಗಾಜಿನವು ಹದಿನಾರಕ್ಕೆ ಹದಿನೈದು. ಅನುಕೃತಿಯಲ್ಲಿರುವ ಸ್ಥಿತಿಸ್ಥಾಪಕತ್ವದ ಹಿಡಿಯು ತೋರಿಸುವುದು ಈ ಪ್ರಮಾಣವನ್ನೇ: ಉಣ್ಣೆಗೆ ಐವತ್ತೈದರ ಹತ್ತಿರ, ಗಾಜಿಗೆ ತೊಂಬತ್ತನಾಲ್ಕರ ಹತ್ತಿರ. ತೆರೆಯ ಮೇಲಿನ ಅಂಕಿಯ ಹಿಂದೆ ಒಂದು ನಿಜವಾದ ವಸ್ತು ನಿಂತಿದೆಯೆಂದು ಹೇಳಲು ಇದಕ್ಕಿಂತ ಒಳ್ಳೆಯ ಮಾರ್ಗ ನಮಗೆ ತೋಚದು.

ಎರಡು ತೆಂಗಿನಕಾಯಿಗಳನ್ನು ಸುಲಿದು, ತಕ್ಕಡಿಯಲ್ಲಿ ತೂಗಿ, ಸಮತೂಕದವನ್ನು ಆರಿಸಿಕೊಳ್ಳಬೇಕು. ಒಂದೊಂದನ್ನೂ ಎರಡು ಹುರಿಗಳಿಂದ ಇಳಿಜಾರಾಗಿ ತೊಲೆಗೆ ಕಟ್ಟಿದರೆ ಅವು ಅತ್ತಿತ್ತ ತಿರುಗದೆ ಒಂದೇ ಸಮತಲದಲ್ಲಿ ತೂಗುತ್ತವೆ. ಸುಮ್ಮನೆ ನಿಂತಾಗ ಕಾಯಿಗಳು ಒಂದನ್ನೊಂದು ಮುಟ್ಟಿರಬೇಕು. ಒಂದನ್ನು ಒಂದು ಮೊಳ ಎಳೆದು ಬಿಟ್ಟರೆ, ತೂಗಿನ ಕಮಾನಿನ ಜ್ಯಾವು ಎಷ್ಟೋ ಕೆಳಗೆ ಬಂದಾಗಿನ ವೇಗವೂ ಅದೇ ಪ್ರಮಾಣದಲ್ಲಿರುತ್ತದೆ. ಆದುದರಿಂದ ಗಡಿಯಾರವಿಲ್ಲದೆ ಬರಿಯ ಅಳತೆಪಟ್ಟಿಯಿಂದ ವೇಗವನ್ನು ಹೋಲಿಸಬಹುದು. ನಡುವೆ ಹಸಿಯ ಜೇಡಿಮಣ್ಣನ್ನು ಮೆತ್ತಿ ಅಂಟಿಸಿಬಿಟ್ಟರೆ ಎರಡೂ ಕೂಡಿ ಸುಮಾರು ಅರ್ಧಮೊಳ ಹೋಗಬೇಕು. ಸ್ವಲ್ಪ ಕಡಿಮೆಯೇ ಹೋಗುತ್ತವೆ. ಆ ಕೊರತೆ ಎಷ್ಟು, ಏಕೆ ಎಂಬುದನ್ನು ವಿಚಾರಿಸುವುದೇ ಪಾಠ. ತೆರೆಯ ಮೇಲೆ ಈ ಕೊರತೆ ಬರುವಂತಿಲ್ಲ. ಅಲ್ಲಿ ಗಾಳಿಯಿಲ್ಲ, ಹುರಿಯಿಲ್ಲ, ಕಾಯೊಳಗೆ ನೀರು ಕದಡುವುದಿಲ್ಲ.

ನೀರಿನ ಮಾತು ಬಂದಿತಷ್ಟೆ. ಕೊಬ್ಬರಿಗಾಗಿ ಅಟ್ಟದಲ್ಲಿ ಎಂಟು ಹತ್ತು ತಿಂಗಳು, ವರ್ಷದ ಹತ್ತಿರದವರೆಗೂ ಇಟ್ಟ ಕಾಯಿಯೊಳಗೆ ನೀರಾರಿ ಗಿಟುಕು ಚಿಪ್ಪನ್ನು ಬಿಟ್ಟು ಸಡಿಲವಾಗಿರುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಇಂತಹ ಕಾಯಿಯನ್ನು ತೂಗುಹಾಕಿ ಡಿಕ್ಕಿ ಹೊಡೆಸಿದರೆ ಒಂದು ತಾಕಿನೊಳಗೆ ಹಲವು ತಾಕುಗಳಾಗುತ್ತವೆ: ಚಿಪ್ಪು ಚಿಪ್ಪನ್ನು, ಆಮೇಲೆ ಗಿಟುಕು ತನ್ನ ಚಿಪ್ಪನ್ನು. ಚಿಪ್ಪಿನ ಚಲನೆಯೊಂದನ್ನೇ ಆ ಗಳಿಗೆಯಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಗಿಟುಕನ್ನೂ ಸೇರಿಸಿಕೊಂಡರೆ ಸರಿಹೋಗುತ್ತದೆ. ಯಾವುದನ್ನು ಒಳಗೆ ಎಣಿಸಬೇಕು, ಯಾವುದನ್ನು ಹೊರಗೆಂದು ಬಿಡಬೇಕು ಎಂಬ ವಿವೇಕಕ್ಕೆ ಇಷ್ಟು ಸುಲಭವಾದ ನಿದರ್ಶನವನ್ನು ಕೊಲರಾಡೊದವರು ಕೊಡಲಾರರು, ಅವರಿಗೆ ಅಟ್ಟವಿಲ್ಲ.

ಪರಿಭಾಷೆಯ ವಿಷಯದಲ್ಲಿ ಕೆಲವು ಮಾತು. ಸಂಸ್ಕಾರವೆಂಬ ಗುಣವು ವೇಗ, ಭಾವನೆ, ಸ್ಥಿತಿಸ್ಥಾಪಕವೆಂದು ಮೂರು ಬಗೆಯೆಂಬುದನ್ನು ತರ್ಕಸಂಗ್ರಹ ಓದಿದವರೆಲ್ಲರೂ ಬಲ್ಲರು. ಪಠ್ಯಪುಸ್ತಕದ ಸ್ಥಿತಿಸ್ಥಾಪಕತ್ವವು ಅಲ್ಲಿಂದ ಬಂದ ಮಾತೇ. ವೈಶೇಷಿಕದಲ್ಲಿ ಚಲನೆಯನ್ನು ಹುಟ್ಟಿಸುವ ಸಂಯೋಗವು ಎರಡು ವಿಧ: ತಾಕಿದವು ಅಗಲದೆ ಜತೆಯಲ್ಲಿ ಸಾಗಿದರೆ ನೋದನ, ತಾಕಿ ಅಗಲಿದರೆ ಅಭಿಘಾತ. ಶಬ್ದಕ್ಕೆ ಕಾರಣವಾಗುವುದು ಅಭಿಘಾತವೇ ಎಂದೂ ಹೇಳುತ್ತಾರೆ. ಅಂಟಿಕೊಳ್ಳುವ ಡಿಕ್ಕಿ, ಪುಟಿಯುವ ಡಿಕ್ಕಿ ಎಂಬ ಭೇದಕ್ಕೆ ಇದು ಸಮೀಪವಾಗಿದೆ. ಇಷ್ಟನ್ನು ಹಿಡಿದುಕೊಂಡು ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವವರು ಉಂಟು. ಅವರ ಮಾತು ಶಾಸ್ತ್ರಕ್ಕೂ ಅಪಚಾರ, ವಿಜ್ಞಾನಕ್ಕೂ ಅಪಚಾರ. ಪ್ರಶಸ್ತಪಾದನ ಮತದಲ್ಲಿ ಸ್ಪರ್ಶವುಳ್ಳ ದ್ರವ್ಯದ ಸಂಯೋಗವಿಶೇಷವು ವೇಗಕ್ಕೆ ವಿರೋಧಿ. ತಾಕಿದಾಗ ವೇಗವು ನಾಶವಾಗುತ್ತದೆ. ಗುಣವು ತನ್ನ ದ್ರವ್ಯವನ್ನು ಬಿಟ್ಟು ಮತ್ತೊಂದಕ್ಕೆ ಹೋಗಲಾರದೆಂಬುದೂ ಆ ದರ್ಶನದ ಸಿದ್ಧಾಂತ. ಹೊಸ ನಿಯಮವಾದರೋ, ಒಂದು ಕಳೆದುಕೊಂಡುದನ್ನು ಇನ್ನೊಂದು ಅಷ್ಟೇ ಪ್ರಮಾಣದಲ್ಲಿ ಪಡೆಯುತ್ತದೆಂದು ಹೇಳುತ್ತದೆ. ಆ ಪ್ರಮಾಣವನ್ನು ರಾಶಿ ವೇಗಗಳ ಗುಣಲಬ್ಧದಿಂದ ಅಳೆಯುತ್ತದೆ. ನಮ್ಮವರು ಸೂಕ್ಷ್ಮವಾಗಿ ವಿಂಗಡಿಸಿದರು, ಅಳೆಯಲಿಲ್ಲ.

‘ಸಂವೇಗ’ವೆಂಬ ಪದವು ಯೋಗಸೂತ್ರದಲ್ಲಿ ಸಾಧಕನ ತೀವ್ರತೆಯನ್ನೂ, ಜೈನಗ್ರಂಥಗಳಲ್ಲಿ ಸಂಸಾರಭೀತಿಯನ್ನೂ ಹೇಳುತ್ತದೆ. ಹಳಗನ್ನಡವನ್ನೂ ಭೌತವಿಜ್ಞಾನವನ್ನೂ ಒಂದೇ ದಿನ ಓದುವ ವಿದ್ಯಾರ್ಥಿಗೆ ಇದರಿಂದ ತೊಡಕೇನೂ ಆಗದು. ನಿಜವಾದ ತೊಡಕೆಂದರೆ ಪದದಲ್ಲಿ ವೇಗವು ಮಾತ್ರ ಕಾ‌ಣುತ್ತದೆ, ರಾಶಿಯು ಅಡಗಿಹೋಗಿದೆ. ಹೆಚ್ಚು ವೇಗವೇ ಹೆಚ್ಚು ಸಂವೇಗವೆಂದು ಹುಡುಗರು ತಿಳಿಯುತ್ತಾರೆ. ಪದವು ರೂಢಿಗೆ ಬಂದಿರುವುದರಿಂದ ಬದಲಿಸಬೇಕೆಂದು ನಾವು ಹೇಳುವುದಿಲ್ಲ. ಭಾರವಾದ ಚೆಂಡು ನಿಧಾನವಾಗಿಯೂ ಹಗುರವಾದುದು ಬೇಗವಾಗಿಯೂ ಬರುವ ಡಿಕ್ಕಿಯನ್ನು ಮೊದಲ ದಿನವೇ ತೆರೆಯ ಮೇಲೆ ತೋರಿಸಿದರೆ ದೋಷವು ಪರಿಹಾರವಾಗುತ್ತದೆ. ಡಿಕ್ಕಿಯನ್ನು ‘ಘರ್ಷಣೆ’ಯೆನ್ನುವ ಪತ್ರಿಕಾಭಾಷೆಯನ್ನು ಮಾತ್ರ ಪಾಠದಲ್ಲಿ ಬಿಡಲೇಬೇಕು; ಆ ಮಾತು ಉಜ್ಜುವಿಕೆಗೆ ಸಂದಿದೆ. ‘ಡಿಕ್ಕಿ’ಯು ಗ್ರಾಮ್ಯವೆಂದು ಹಿಂಜರಿಯುವುದು ಬೇಡ.

ಕನ್ನಡಿಸುವವರು ತಡೆಯ ಹೆಸರಿನಲ್ಲಿ ವಿಶೇಷವಾಗಿ ಎಚ್ಚರವಹಿಸಬೇಕು. ಇಂಗ್ಲಿಷಿನ ಪದವನ್ನು ಹಿಡಿದು ‘ಪ್ರತಿಫಲಿಸುವ ಗಡಿ’ಯೆಂದರೆ ಬೆಳಕಿನ ಪಾಠದ ನೆನಪಾದೀತು; ‘ಗಡಿ’ಯೆಂಬುದು ಬರಿಯ ಗೆರೆಯಾಗಿ ತೋರೀತು, ಗೆರೆಗೆ ಸಂವೇಗವನ್ನು ತೆಗೆದುಕೊಳ್ಳುವ ಶಕ್ತಿಯುಂಟೆಂದು ಯಾರಿಗೂ ಹೊಳೆಯದು. ‘ಗೋಡೆ’ಯೆಂದು ಕರೆದರೆ, ಆ ಗೋಡೆಯು ಯಾವುದರ ಮೇಲೆ ನಿಂತಿದೆಯೆಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳಿಯಾರು.